ಕೊನೆಯ ಸಾಲಿನ ದನಿ

“ಕಣ್ಣು ಮುಚ್ಕೊಳ್ಳಿ ಮೇಡಂ. ಕಣ್ಣು ಬಿಟ್ಕೊಂಡು ಕೇಳಿದ್ರೆ ಅರ್ಧ ಗಮನ ಅಲ್ಲೇ ಹೋಗುತ್ತೆ,” ಎಂದ ತಮ್ಮ.

ಪತ್ತೇದಾರಿಣಿ ಕಣ್ಣು ಮುಚ್ಚಿದಳು. ದೊಡ್ಡ ಹೆಡ್‌ಫೋನಿನ ಮೆತ್ತೆಗಳು ಅವಳ ಎರಡೂ ಕಿವಿಗಳನ್ನು ಬೆಚ್ಚಗೆ ಸುತ್ತುವರಿದಿದ್ದವು. ಒಳಗೆ ಹೆಂಗಸರ ಗುಂಪೊಂದು ಹಾಸಿಗೆಯ ಜಾಹೀರಾತನ್ನು ದೇವರ ನಾಮ ಹೇಳುವಷ್ಟು ಶ್ರದ್ಧೆಯಿಂದ ಹಾಡುತ್ತಿತ್ತು.

ಸದ್ದಿಲ್ಲದ ಸಂಜೆಗೆ, ಸುಸ್ತಾದ ಸೊಂಟಕೆ, ಸುಖದ ಹಾಸಿಗೆ…

“ಸುಸ್ತಾದ ಸೊಂಟ ಅನ್ನೋದು ಮಾತ್ರ ನನಗೇ ಬರೆದ ಹಾಗಿದೆ. ಬೇರೆ ಏನೂ ಗೊತ್ತಾಗ್ಲಿಲ್ಲ.”

“ಎಡಗಡೆ, ಹಿಂದೆ. ಎಲ್ಲರಿಗಿಂತ ಹಿಂದೆ. ‘ಸ’ ಬಂದಾಗ ಕೇಳಿ. ಮುರಿದ ಹಲ್ಲಿನ ಸಂದಿಯಿಂದ ಸಣ್ಣದೊಂದು ಸೀಟಿ.”

ಅವನು ಮತ್ತೆ ಹಾಕಿದ. ಮತ್ತೂ ಒಮ್ಮೆ ಹಾಕಿದ. ಪತ್ತೇದಾರಿಣಿಗೆ ಸಂಗೀತವೆಂದರೆ ಅಷ್ಟಕ್ಕಷ್ಟೇ. ಆದರೆ ಸುಳ್ಳು ಹೇಳುವವರ ದನಿಯಲ್ಲಿ ಬರುವ ಸಣ್ಣ ಬಿರುಕನ್ನು ಹಿಡಿಯುವುದು ಅವಳಿಗೆ ಅಭ್ಯಾಸ. ಆ ಅಭ್ಯಾಸವೇ ಈಗ ಕೈಹಿಡಿಯಿತು. ಮುಂದೆ ನಿಂತ ಹೆಂಗಸರ ತುಂಬುದನಿಗಳ ಆಚೆ, ಕತ್ತಲೆಯಂಥ ಒಂದು ಖಾಲಿ ಜಾಗದಲ್ಲಿ, ಬಾಗಿಲ ಸಂದಿಯಿಂದ ಗಾಳಿ ನುಸುಳಿದ ಹಾಗೆ ಏನೋ ಸುಯ್ಯೆಂದಿತು.

“ಸಿಕ್ತು,” ಎಂದಳು.

“ಅದೇ,” ಎಂದ ತಮ್ಮ. ಅವನ ದನಿ ಪೂರ್ತಿ ಇಳಿದುಹೋಗಿತ್ತು. “ಅದೇ ನಮ್ಮಕ್ಕ.”

ಹನ್ನೊಂದು ವರ್ಷದ ಹಿಂದೆ, ರೆಕಾರ್ಡಿಂಗಿಗೆಂದು ಮನೆ ಬಿಟ್ಟ ಅಕ್ಕ ಸ್ಟುಡಿಯೋ ತಲುಪಿರಲಿಲ್ಲ. ಅವಳ ಕೈಚೀಲ ನದಿಯ ಸೇತುವೆಯ ಮೇಲೆ ಸಿಕ್ಕಿತ್ತು, ತಮ್ಮನೊಬ್ಬನನ್ನು ಬಿಟ್ಟು ಎಲ್ಲರೂ ಅವಳನ್ನು ನೀರಿಗೆ ಒಪ್ಪಿಸಿ ಸುಮ್ಮನಾಗಿದ್ದರು. ಈಗಷ್ಟೇ ಟೀವಿಯಲ್ಲಿ ಬರತೊಡಗಿದ ಈ ಜಾಹೀರಾತನ್ನು ಈ ಅಂಗಡಿಯಲ್ಲಿ ಕೇಳಿದ ಮೇಲೆ ಅವನು ಪತ್ತೇದಾರಿಣಿಯನ್ನು ಗೊತ್ತುಮಾಡಿದ್ದ.

ಪತ್ತೇದಾರಿಣಿ ಹೆಡ್‌ಫೋನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅಂಗಡಿಯ ಹಿಂಬದಿಯ ಈ ಪುಟ್ಟ ಕೋಣೆಯ ಗೋಡೆಗೆಲ್ಲ ಬೂದುಬಣ್ಣದ ಫೋಮು ಅಂಟಿಸಿದ್ದರು. ಎರಡು ಕುರ್ಚಿ, ಒಂದು ಮೇಜು, ಮೇಜಿನ ಮೇಲೆ ಇಟ್ಟಿಗೆ ಗಾತ್ರದ ಆಂಪ್ಲಿಫೈಯರ್. ಗಾಜಿನ ಬಾಗಿಲಾಚೆ ಅಂಗಡಿಯವನು ಕೌಂಟರಿನ ಹಿಂದೆ ಬಾಗಿ ಯಾವುದೋ ತಂತಿಗೆ ಬೆಸುಗೆ ಹಾಕುತ್ತಿದ್ದ.

“ನಿಮ್ಮಕ್ಕನೇ ಅಂತ ಹೇಗೆ ಹೇಳ್ತೀರಿ? ಊರಲ್ಲಿ ಹಲ್ಲು ಮುರಿದ ಹೆಂಗಸರು ಒಬ್ಬರೇನಾ?”

ತಮ್ಮ ನಕ್ಕ. ಕಟ್ಟುಹಲ್ಲು ಮಾಡುವುದು ಅವನ ಕಸುಬು. ಉಗುರಿನ ಸಂದಿಯಲ್ಲಿ ಯಾವಾಗಲೂ ಗುಲಾಬಿ ಮೇಣ. “ಹಲ್ಲು ಮುರಿದ ಹೆಂಗಸರು ಬೇಕಾದಷ್ಟಿದ್ದಾರೆ. ಅವರೆಲ್ಲ ನನ್ನ ಹತ್ರಾನೇ ಬರ್ತಾರೆ. ಒಬ್ಬೊಬ್ಬರ ‘ಸ’ ಒಂದೊಂದು ಥರ. ನಮ್ಮಕ್ಕನದು ಮೂಲೆ ಮಾತ್ರ ಹಾರಿದ್ದು. ಓರೆಯಾಗಿ. ನಂಗೆ ಸೈಕಲ್ ಕಲಿಸೋಕೆ ಹೋಗಿ ನನ್ನ ಸಮೇತ ಬಿದ್ದಳು. ನಂಗೆ ಏನೂ ಆಗ್ಲಿಲ್ಲ.”

“ಅದಕ್ಕೇ ಈ ಕೆಲಸ ಕಲಿತ್ರಾ?”

“ಮತ್ತೆ? ಅಪ್ಪ ಅಮ್ಮ ಇಲ್ಲದ ಮನೆ. ಕೋರಸ್ ಹಾಡಿ ನನ್ನ ಓದಿಸಿದಳು. ಆ ಸೀಟಿಯಿಂದಾಗಿ ಅವಳನ್ನ ಮೈಕಿನ ಹತ್ರ ಬಿಡ್ತಾನೇ ಇರ್ಲಿಲ್ಲ. ಯಾವಾಗಲೂ ಕೊನೇ ಸಾಲು. ‘ಸ’ ಬಂದಾಗ ಬಾಯಿ ಆಡಿಸು, ದನಿ ಬಿಡಬೇಡ ಅಂತಿದ್ರು. ಇವಳು ಕೇಳ್ಬೇಕಲ್ಲ, ಬಿಟ್ಟೇಬಿಡೋಳು.” ಅವನು ಹೆಡ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡ. “ನಾನು ಸ್ವಂತವಾಗಿ ಮಾಡಿದ ಮೊದಲನೇ ಹಲ್ಲು ಅವಳದ್ದೇ. ಹಾಕಿಸ್ಕೊಳ್ಳೋಕೆ ಅವಳೇ ಇರ್ಲಿಲ್ಲ.”

ಪತ್ತೇದಾರಿಣಿ ಮಡಿಲಲ್ಲಿದ್ದ ಹೆಡ್‌ಫೋನನ್ನು ಅವನ ಕೈಗೆ ಕೊಟ್ಟಳು.

“ಈ ಅಂಗಡಿಗೆ ಹೇಗೆ ಬಂದ್ರಿ?”

“ಅಕ್ಕ ಹಾಡಿದ ಹಳೇ ಕೋರಸ್‌ಗಳು ನನ್ನ ಹತ್ರ ಇದ್ವು. ಮೊದಲು ಫೋನಿನ ಜೊತೆ ಬಂದ ಇಯರ್‌ಫೋನಲ್ಲೇ ಕೇಳ್ತಿದ್ದೆ. ಅದ್ರಲ್ಲಿ ಹತ್ತು ಜನ ಹಾಡಿದ್ರೂ ಒಬ್ಬಳೇ ದಪ್ಪ ಹೆಂಗಸು ಹಾಡಿದ ಹಾಗೆ ಕೇಳ್ಸೋದು. ಆಮೇಲೆ ಯಾರೋ ಹೇಳಿದ್ರು ಅಂತ ಕಿವಿ ಪೂರ್ತಿ ಮುಚ್ಚೋ ದೊಡ್ಡದು ತಗೊಂಡೆ. ಅದ್ರಲ್ಲಿ ಬೇಸು ಎಷ್ಟು ಅಂದ್ರೆ ಡ್ರಮ್ಮಿನ ಹೊಟ್ಟೆಯೊಳಗೆ ಕೂತು ಕೇಳಿದ ಹಾಗೆ. ಅಕ್ಕ ಇನ್ನೂ ದೂರ ಹೋದಳು. ಅದನ್ನ ಹಿಡ್ಕೊಂಡು ಅಂಗಡಿ ಅಂಗಡಿ ಸುತ್ತಿದೆ. ಎಲ್ಲರೂ ‘ಎಷ್ಟರದ್ದು ತೋರಿಸ್ಲಿ’ ಅಂತ ಕೇಳೋರು. ಇವರು ಒಬ್ಬರೇ, ‘ನಿಮಗೆ ಏನು ಕೇಳಿಸ್ಬೇಕು’ ಅಂದಿದ್ದು.”

“ಏನಂದ್ರಿ?”

“ಗುಂಪಿನ ಹಿಂದಿಂದ ಒಂದು ದನಿ ಅಂದೆ.”

“ಅವರು ನಗಲಿಲ್ವಾ?”

“ಇಲ್ಲ. ಕುರ್ಚಿ ಕೊಟ್ಟು ಕೂರಿಸಿದ್ರು. ಆಮೇಲೆ ಒಂದೊಂದೇ ಕಲಿಸಿದ್ರು. ಬೇಸಿನ ಆಸೆ ಬಿಡಿ, ಅದು ಮನುಷ್ಯರ ದನಿ ಮೇಲೆ ಹೊದಿಕೆ ಹೊದ್ದಿಸುತ್ತೆ ಅಂದ್ರು. ಬೆನ್ನು ತೆರೆದಿರೋ ಹೆಡ್‌ಫೋನ್ ಕೊಟ್ರು. ನೋಡಿ, ಇದರ ಹಿಂದೆ ಮುಚ್ಚಳ ಇಲ್ಲ, ಬರೀ ಜಾಲರಿ. ಶಬ್ದಕ್ಕೆ ಉಸಿರಾಡೋಕೆ ಜಾಗ ಇರುತ್ತೆ, ಯಾರು ಮುಂದೆ ನಿಂತಿದ್ದಾರೆ, ಯಾರು ಹಿಂದೆ ಅಂತ ತಿಳಿಯುತ್ತೆ. ಫೋನಿನ ಬಲ ಇದಕ್ಕೆ ಸಾಲದು ಅಂತ ಈ ಆಂಪ್ಲಿಫೈಯರು. ಮೆತ್ತೆ ಹಳೇದಾಗಿ ಚಪ್ಪಟೆ ಆದ್ರೆ ದನಿ ಕಿವಿಗೆ ಒತ್ತುತ್ತೆ ಅಂತ ಅವರೇ ಬದಲಾಯಿಸಿ ಕೊಡ್ತಾರೆ. ಎಷ್ಟೋ ಸಲ ನಾನೇ ಇನ್ನೂ ದೊಡ್ಡದು ಬೇಕು ಅಂದಾಗ, ‘ಬೇಡ, ಅದು ಹೊಳಪು ಜಾಸ್ತಿ, ಎಲ್ಲರ ಬಾಯಲ್ಲೂ ಸೀಟಿ ಹೊಡೆಸುತ್ತೆ, ನಿಮಗೆ ದಾರಿ ತಪ್ಪುತ್ತೆ’ ಅಂತ ವಾಪಸ್ ಇಟ್ಟಿದ್ದಾರೆ.”

ತನ್ನ ಲಾಭವನ್ನು ತಾನೇ ಕಪಾಟಿಗೆ ವಾಪಸ್ ಇಡುವ ವ್ಯಾಪಾರಿ. ಪತ್ತೇದಾರಿಣಿ ಗಾಜಿನಾಚೆ ನೋಡಿದಳು. ಬೆಸುಗೆಯ ಹೊಗೆ ಅಂಗಡಿಯವನ ನರೆತ ಗಡ್ಡದ ಸುತ್ತ ಸುಳಿಯುತ್ತಿತ್ತು.

“ಮನೇಲಿ ಏನೂ ಅನ್ನಲ್ವಾ? ಪ್ರತಿ ಶನಿವಾರ ಮಧ್ಯಾಹ್ನ ಇಲ್ಲೇ ಇರ್ತೀರಂತೆ.”

“ನನ್ನ ಹೆಂಡ್ತೀನಾ? ಅವಳೇ ಕಳಿಸ್ತಾಳೆ. ಹೋಗ್ಬನ್ನಿ, ತಲೆ ಹಗುರಾಗುತ್ತೆ ಅಂತಾಳೆ. ಮಗಳು ಬಾಗಿಲ ತನಕ ಬಂದು ಕೈಬೀಸ್ತಾಳೆ. ಮೊದಲೆಲ್ಲ ನಾನೂ ಬರ್ತೀನಿ ಅಂತ ಹಠ ಮಾಡ್ತಿದ್ದಳು, ಈಗ ಅದೂ ಇಲ್ಲ.”

“ಪುಣ್ಯವಂತರು ನೀವು. ನಮ್ಮ ಯಜಮಾನರು ಹೊಸ ರೇಡಿಯೋ ತಂದ ದಿನ ನಾನು ಇಡೀ ದಿನ ಮಾತು ಬಿಟ್ಟಿದ್ದೆ,” ಎಂದು ಪತ್ತೇದಾರಿಣಿ ಎದ್ದಳು. ಮೊಣಕಾಲು ಲಟಕ್ಕೆಂದಿತು. “ನೀವು ಇಲ್ಲೇ ಕೂತು ಕೇಳ್ತಿರಿ. ನಾನು ಅವರ ಹತ್ರ ಒಂದೆರಡು ಮಾತಾಡಿ ಬರ್ತೀನಿ.”

ತಮ್ಮ ಹೆಡ್‌ಫೋನು ತಲೆಗೇರಿಸಿಕೊಂಡು ಗೋಡೆಯ ಕಡೆ ತಿರುಗಿ ಕೂತ. ಅವನು ಎರಡೂ ಕೈಗಳಿಂದ ಕಿವಿಯ ಮೆತ್ತೆಗಳನ್ನು ಹಿಡಿದುಕೊಂಡಿದ್ದ. ಗುಂಪಿನಲ್ಲಿ ಯಾರದೋ ಮುಖವನ್ನು ತನ್ನ ಕಡೆ ತಿರುಗಿಸಿಕೊಳ್ಳುವವನಂತೆ ಕಾಣುತ್ತಿದ್ದ. ಪತ್ತೇದಾರಿಣಿ ಹೊರಬಂದಳು. ಗಾಜಿನ ಬಾಗಿಲನ್ನು ಮುಚ್ಚಲಿಲ್ಲ.

ಅಂಗಡಿ ಉದ್ದಕ್ಕೆ, ಕಿರಿದಾಗಿ, ರೈಲಿನ ಡಬ್ಬಿಯ ಹಾಗಿತ್ತು. ಒಂದು ಗೋಡೆಗೆ ಹೆಡ್‌ಫೋನುಗಳು ನೇತುಬಿದ್ದಿದ್ದವು. ಇನ್ನೊಂದು ಗೋಡೆಯ ಕಪಾಟುಗಳಲ್ಲಿ ಅರ್ಧಕ್ಕರ್ಧ ಖಾಲಿ. ಖಾಲಿ ಜಾಗಗಳಲ್ಲಿ ಪೆಟ್ಟಿಗೆಗಳಿದ್ದ ಗುರುತು, ಧೂಳು ಕೂರದ ಚೌಕಗಳು, ಇನ್ನೂ ಹೊಸದಾಗಿದ್ದವು.

“ನಿಮಗೂ ಒಂದು ತೋರಿಸ್ಲಾ ಮೇಡಂ?” ಅಂಗಡಿಯವನು ಬೆಸುಗೆಕೋಲು ಕೆಳಗಿಟ್ಟ. ಅವನ ಮಾತು ಮೆತ್ತಗಿತ್ತು.

“ನನ್ನ ಹತ್ರ ಇದೆ,” ಎಂದು ಅವಳು ಕೈಚೀಲದಿಂದ ಒಂದು ಇಯರ್‌ಫೋನು ತೆಗೆದಳು. ತಂತಿ ಹರಿದ ಕಡೆ ಹೊಲಿಗೆಯ ದಾರ ಸುತ್ತಿತ್ತು. ಅಂಗಡಿಯವನು ಅದನ್ನು ಡಾಕ್ಟರು ಹಳೇ ಗಾಯ ನೋಡುವ ಹಾಗೆ ನೋಡಿದ.

“ಒಂದು ಕಡೆ ಸತ್ತಿದೆಯಲ್ಲ.”

“ಸಾಯ್ಲಿ ಬಿಡಿ. ಜನ ಹೇಳೋದನ್ನ ಕೇಳೋಕೆ ಒಂದು ಕಿವಿ ಸಾಕು. ಇನ್ನೊಂದು, ಅವರು ಹೇಳದೆ ಬಿಟ್ಟಿದ್ದಕ್ಕೆ ಬೇಕಾಗುತ್ತೆ.”

ಅವನು ನಕ್ಕ. ಕೌಂಟರಿನ ಮೇಲಿದ್ದ ಒಂದು ಹೆಡ್‌ಫೋನು ಎತ್ತಿ ಅದರ ಮೆತ್ತೆಯನ್ನು ಬಟ್ಟೆಯಿಂದ ಒರೆಸತೊಡಗಿದ.

“ಮಂಗಳವಾರ ನಿಮ್ಮ ಅಂಗಡಿಗೆ ಹಸಿರು ಕೊಡೆ ಹಿಡ್ಕೊಂಡು ಒಬ್ಬಳು ಬಂದಿದ್ದಳಲ್ಲ, ನನ್ನ ತಂಗಿ ಅವಳು,” ಎಂದಳು ಪತ್ತೇದಾರಿಣಿ.

“ಓ. ತುಂಬಾ ಪ್ರಶ್ನೆ ಕೇಳಿದ್ರು.”

“ಮನೆತನದ ಗುಣ. ಒಳಗೆ ಅವರು ಹಾಕ್ಕೊಂಡಿದ್ದಾರಲ್ಲ, ಅದೇ ಹೆಡ್‌ಫೋನ್ ಬೇಕು ಅಂದಳಂತೆ. ನೀವು ಪಿಯಾನೋ ಕೇಳಿಸಿದ್ರಿ, ಡ್ರಮ್ ಕೇಳಿಸಿದ್ರಿ, ಕಾಡಿನ ಹಕ್ಕಿಗಳನ್ನೂ ಕೇಳಿಸಿದ್ರಿ. ಹಾಸಿಗೆ ಜಾಹೀರಾತು ಇದ್ಯಾ ಅಂತ ಕೇಳಿದ್ದಕ್ಕೆ ಅಂಥದ್ದೆಲ್ಲ ನಮ್ಮಲ್ಲಿ ಇಡೋಲ್ಲ ಅಂದ್ರಿ.”

ಬಟ್ಟೆ ನಿಂತಿತು.

“ಗಿರಾಕಿಗೆ ತಕ್ಕ ಹಾಗೆ ಕೇಳಿಸ್ತೀವಿ ಮೇಡಂ.”

“ಆಗ್ಲಿ. ನಿನ್ನೆ ನಾನು ಆ ಜಾಹೀರಾತು ಮಾಡಿದ ಸ್ಟುಡಿಯೋಗೆ ಹೋಗಿದ್ದೆ. ರೆಕಾರ್ಡ್ ಮಾಡಿದೋನು ಮಾತುಗಾರ. ಟೀವೀಲಿ ಬರೋದು ಹಿಂಡಿ ಹಿಪ್ಪೆ ಮಾಡಿದ ಶಬ್ದ, ಅದ್ರಲ್ಲಿ ಹಿಂದಿನ ಸಾಲು ಸತ್ತೇ ಹೋಗಿರುತ್ತೆ ಅಂದ. ಹಿಂಡದೇ ಇರೋ ಶುದ್ಧ ಪ್ರತಿ ಹೊರಗೆ ಹೋಗಿರೋದು ಒಂದೇ ಒಂದಂತೆ. ಕೊನೇ ಸಾಲಲ್ಲಿ ನಿಂತು ಹಾಡಿದ ಹೆಂಗಸು ಕೇಳಿ ಇಸ್ಕೊಂಡು ಹೋದ್ರಂತೆ.”

ಅಂಗಡಿಯವನು ಹೆಡ್‌ಫೋನನ್ನು ಕೌಂಟರಿನ ಮೇಲೆ ಇಟ್ಟ. ಸದ್ದಾಗದ ಹಾಗೆ ಇಟ್ಟ.

“ಯಾಕೆ ಬೇಕು ಅಂತ ಅವನು ಕೇಳಿದ್ದಕ್ಕೆ ಅವರು ಏನಂದ್ರು ಗೊತ್ತಾ? ‘ನಮ್ಮನೆಯವರು ಕೇಳ್ಬೇಕಂತೆ’ ಅಂದ್ರಂತೆ.” ಪತ್ತೇದಾರಿಣಿ ಕೌಂಟರಿನ ಮೇಲೆ ಎರಡೂ ಮೊಣಕೈ ಊರಿದಳು. “ರಾತ್ರಿಯಿಡೀ ತಲೆಕೆಡಿಸ್ಕೊಂಡೆ. ಯಾರಪ್ಪ ಈ ಮನೆಯವರು ಅಂತ. ಇವತ್ತು ಇಲ್ಲಿ ಬಂದು ನೋಡಿದ್ರೆ ಆ ಪ್ರತಿ ನಿಮ್ಮ ಅಂಗಡೀಲಿದೆ.”

ಬೀದಿಯಲ್ಲಿ ಒಂದು ಲಾರಿ ಹಿಂದಕ್ಕೆ ಬರುತ್ತ ಪೀಂಪೀಂ ಎಂದು ಕೂಗಿಕೊಂಡಿತು. ಅಂಗಡಿಯವನು ಬೆಸುಗೆಕೋಲಿನ ಸ್ವಿಚ್ಚು ಆರಿಸಿದ. ಆಮೇಲೆ ಸ್ಟೂಲು ಎಳೆದುಕೊಂಡು ಕೂತ. ಸಿಕ್ಕಿಬಿದ್ದವರ ಮುಖ ಹೇಗಿರುತ್ತದೆಂದು ಪತ್ತೇದಾರಿಣಿಗೆ ಚೆನ್ನಾಗಿ ಗೊತ್ತು. ಇದು ಆ ಮುಖವಲ್ಲ. ಬಹಳ ದೂರ ಹೊತ್ತು ತಂದ ಹೊರೆಯನ್ನು ಇಳಿಸಲು ಯಾರಾದರೂ ಕೈಕೊಟ್ಟಾಗ ಬರುವ ಮುಖ.

“ಎಷ್ಟು ತಡ ಮಾಡಿದ್ರಿ ಮೇಡಂ,” ಎಂದ ಅವನು.

“ಅಂದ್ರೆ?”

“ಜಾಹೀರಾತು ಕೇಳಿಸಿದ ಮೊದಲನೇ ದಿನಾನೇ ಆತ ನನ್ನ ಕುತ್ತಿಗೆ ಪಟ್ಟಿ ಹಿಡೀತಾರೆ ಅಂದ್ಕೊಂಡಿದ್ದೆ. ಇದು ನಿಮ್ಮ ಹತ್ರ ಹೇಗೆ ಬಂತು ಅಂತ ಕೇಳ್ತಾರೆ ಅಂದ್ಕೊಂಡಿದ್ದೆ. ಕೇಳ್ಲೇ ಇಲ್ಲ. ಅಕ್ಕನ ದನಿ ಸಿಕ್ಕಿದ ಖುಷೀಲಿ ಹೇಗೆ ಅನ್ನೋದೇ ಹೊಳೀಲಿಲ್ಲ ಪಾಪ.”

“ಆಕೆ ನಿಮ್ಮ ಹೆಂಡ್ತಿನಾ?”

“ಹೂಂ. ಒಂಬತ್ತು ವರ್ಷ ಆಯ್ತು. ಬೇರೆ ಊರಲ್ಲಿ ಧ್ವನಿವರ್ಧಕ ರಿಪೇರಿ ಮಾಡ್ಕೊಂಡಿದ್ದೆ. ಅಲ್ಲಿ ಒಂದು ಹೊಲಿಗೆ ಕಾರ್ಖಾನೇಲಿ ಕೆಲಸ ಮಾಡ್ತಿದ್ದಳು. ಹಿಂದಿನದ್ದು ಏನೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಒಂದು ದಿನ ಈ ಊರಿಗೆ ಬರೋಣ ಅಂತ ಹಟ ಹಿಡಿದಳು. ಬಂದ್ಮೇಲೆ ನೋಡಿದ್ರೆ ಮನೆಯಿಂದ ಹೊರಗೆ ಕಾಲಿಡೋಕೆ ಹೆದರ್ತಾಳೆ, ಮುಖಕ್ಕೆ ಬಟ್ಟೆ ಸುತ್ಕೊಂಡೇ ಓಡಾಡ್ತಾಳೆ. ಹಾಗಾದ್ರೆ ಯಾಕೆ ಬಂದ್ವಿ ಅಂದ್ರೆ ಉತ್ತರ ಇಲ್ಲ.”

“ಆಮೇಲೆ ಇವರು ಅಂಗಡಿಗೆ ಬಂದ್ರು.”

“ಬಂದ್ರು. ಅವತ್ತು ಊಟಕ್ಕೆ ಕೂತಾಗ ಸುಮ್ಮನೆ ಹೇಳಿದೆ. ಯಾರೋ ಹಲ್ಲು ಕಟ್ಟೋರು ಬಂದಿದ್ರು, ಕೋರಸ್ಸಿನ ಹಿಂದಿನ ಸಾಲಲ್ಲಿ ಒಂದು ದನಿ ಹುಡುಕ್ತಿದ್ದಾರೆ ಅಂತ. ತುತ್ತು ಕೈಯಲ್ಲೇ ಹಿಡ್ಕೊಂಡು ಕೂತುಬಿಟ್ಟಳು. ಕೈ ಒಣಗೋ ತನಕ. ಆಗ ಗೊತ್ತಾಯ್ತು ನಂಗೆ, ನಾವು ಈ ಊರಿಗೆ ಯಾಕೆ ಬಂದ್ವಿ ಅಂತ.”

ಅವನು ಒರೆಸುವ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

“ಹೇಳ್ಬೇಡಿ ಅಂತ ಮಾತು ತಗೊಂಡಳು. ಆದ್ರೆ ಪ್ರತಿ ಶನಿವಾರ ನಾನು ಮನೆ ಸೇರೋದೇ ತಡ, ಬಂದಿದ್ನಾ? ಯಾವ ಅಂಗಿ ಹಾಕಿದ್ದ? ಸೊರಗಿದ್ದಾನಾ? ಏನು ಕೇಳಿದ? ಒಂದೊಂದು ಪ್ರಶ್ನೆಗೂ ಉತ್ತರ ಬೇಕು. ಈ ಕಡೆ ಇವರು, ಅವಳ ಹಳೇ ಹಾಡು ಕೇಳಿ ಕಣ್ಣು ಒರೆಸ್ಕೊಂಡು ಹೋಗ್ತಾರೆ. ಮಧ್ಯದಲ್ಲಿ ನಾನು. ಎಷ್ಟು ದಿನ ಅಂತ ಮೇಡಂ?”

“ಮಾತು ಮುರಿದ್ರಿ.”

“ಇಲ್ಲ.” ಮೊದಲ ಬಾರಿಗೆ ಅವನ ದನಿ ಏರಿತು. “ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಕೇಳಿಸಲ್ಲ ಅಂತ ಕೊಟ್ಟಿರ್ಲಿಲ್ಲ.”

ಅವನು ಮಡಿಸಿದ ಬಟ್ಟೆಯನ್ನು ಬದಿಗೆ ಸರಿಸಿದ.

“ಅವಳು ಮುಖ ಮುಚ್ಕೊಂಡು ಮತ್ತೆ ಕೋರಸ್ಸಿಗೆ ಹೋಗೋಕೆ ಶುರು ಮಾಡಿದ್ದಳು. ಹಾಡದೆ ಇರೋಕಾಗಲ್ಲ ಅವಳಿಗೆ. ಆ ದನೀನ ಇವರೇ ಹಿಡೀಲಿ ಅಂತ ಕಾದೆ. ಅದಕ್ಕೆ ಸರಿಯಾದ ಕಿವಿ ಬೇಕಲ್ಲ. ಒಂದೇ ಸಲ ದೊಡ್ಡದು ಕೊಟ್ಟಿದ್ರೆ ಇವರಿಗೆ ಏನು ಕೇಳ್ಬೇಕು ಅಂತಾನೇ ತಿಳೀತಿರ್ಲಿಲ್ಲ. ಒಂದೊಂದೇ ಮೆಟ್ಟಿಲು ಹತ್ತಿಸಿದೆ. ಮೊದಲು ಗದ್ದಲ ತೆಗೆದೆ. ಆಮೇಲೆ ದೂರ-ಹತ್ತಿರ ಗೊತ್ತು ಮಾಡಿಸಿದೆ. ಕೊನೆಗೆ ಉಸಿರು. ಯಾರು ಎಲ್ಲಿ ಉಸಿರು ತಗೋತಾರೆ ಅನ್ನೋದು ಹಿಡಿದ ದಿನ, ಇನ್ನು ಸಾಕು ಅನ್ನಿಸ್ತು. ಅವಳ ಕೈಲೇ ಪ್ರತಿ ತರಿಸಿದೆ. ನಾನು ಕೇಳ್ಬೇಕು ಅಂದೆ, ಸುಳ್ಳಲ್ಲ, ನಾನೂ ಕೇಳಿದೆ.”

“ಈಗಲೇ ಯಾಕೆ? ಇಷ್ಟು ವರ್ಷ ಬಿಟ್ಟು?” ಪತ್ತೇದಾರಿಣಿ ಖಾಲಿ ಕಪಾಟುಗಳ ಕಡೆ ಕೈ ತೋರಿಸಿದಳು. “ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ?”

“ಸೋಮವಾರ ಊರು ಬಿಡ್ತಿದ್ದೀವಿ. ಅವಳದ್ದೇ ತೀರ್ಮಾನ. ಇನ್ನು ಇಲ್ಲಿರೋಕೆ ಭಯ ಅಂತಾಳೆ.”

“ಯಾರ ಭಯ?”

“ನನ್ನ ಭಯಾನಾ?”

ಇಬ್ಬರೂ ತಿರುಗಿದರು. ಒಳಕೋಣೆಯ ಬಾಗಿಲಲ್ಲಿ ತಮ್ಮ ನಿಂತಿದ್ದ. ಹೆಡ್‌ಫೋನು ಇನ್ನೂ ಅವನ ಕಿವಿಗಳ ಮೇಲೇ ಇತ್ತು. ಅದರ ತಂತಿ ಕಿತ್ತುಬಂದು ಮೊಣಕಾಲಿನ ಹತ್ತಿರ ತೂಗಾಡುತ್ತಿತ್ತು.

“ಬೆನ್ನು ತೆರೆದಿರೋದು,” ಎಂದ ಅವನು. “ಒಳಗಿನದು ಹೊರಗೆ ಹೋಗುತ್ತೆ, ಹೊರಗಿನದು ಒಳಗೆ ಬರುತ್ತೆ, ಬಸ್ಸಲ್ಲಿ ಹಾಕ್ಕೋಬೇಡಿ ಅಂತ ನೀವೇ ಹೇಳಿದ್ರಿ ಸಾರ್. ನಾನು ಹಾಡು ನಿಲ್ಲಿಸಿ ಬಹಳ ಹೊತ್ತಾಯ್ತು.”

ಅಂಗಡಿಯವನು ಎದ್ದು ನಿಂತ. ಅವನ ಮುಖದಲ್ಲಿ ಗಾಬರಿ ಇರಲಿಲ್ಲ. “ಗೊತ್ತಿತ್ತು,” ಎಂದ ಮೆಲ್ಲಗೆ. “ನಾನು ಹೇಳಿದ್ದು ಮೇಡಂಗೆ. ನಿಮಗಲ್ಲ.”

ತಮ್ಮ ಎರಡು ಹೆಜ್ಜೆ ಮುಂದೆ ಬಂದ. ಹೊಡೆಯುತ್ತಾನೇನೋ ಎಂದು ಪತ್ತೇದಾರಿಣಿ ಕೌಂಟರಿನ ತುದಿಗೆ ಸರಿದಳು. ಆದರೆ ಅವನು ಅಂಗಡಿಯವನ ಮುಖವನ್ನೇ ನೋಡುತ್ತ ನಿಂತ. ಅಷ್ಟು ವರ್ಷ ನೋಡಿದ ಮುಖವನ್ನು ಈಗ ಮೊದಲಿಂದ ನೋಡಬೇಕಾಗಿತ್ತು. ಈ ಗಡ್ಡವನ್ನು ಅಕ್ಕ ದಿನವೂ ನೋಡುತ್ತಾಳೆ. ಈ ಅಂಗಿಯ ಗುಂಡಿಯನ್ನು ಅವಳೇ ಹೊಲಿದಿರಬೇಕು.

“ಭಾವ,” ಎಂದ. ಹೇಳಿ ನೋಡಿದ ಹಾಗಿತ್ತು. “ಇಷ್ಟು ವರ್ಷ ನಿಮ್ಮನ್ನ ಸಾರ್, ಸಾರ್ ಅಂತ ಕರೀತಿದ್ದೆನಲ್ಲ.”

ಅಂಗಡಿಯವನ ಕಣ್ಣುಗಳು ತುಂಬಿದವು.

“ಹಲ್ಲು ಹಾಗೇ ಇದ್ಯಾ?” ಎಂದು ಕೇಳಿದ ತಮ್ಮ.

“ಹಾಗೇ ಇದೆ. ಕಟ್ಟಿಸ್ಕೋ ಅಂತ ಎಷ್ಟೋ ಸಲ ಹೇಳಿದೆ. ಅದನ್ನ ಕಟ್ಟೋನು ಒಬ್ಬನೇ ಅಂತಾಳೆ.”

ತಮ್ಮ ಹೆಡ್‌ಫೋನನ್ನು ತಲೆಯಿಂದ ಇಳಿಸಿದ. ಕಿವಿಯ ಸುತ್ತ ಮೆತ್ತೆಯ ಗುರುತು ಕೆಂಪಗೆ ಮೂಡಿತ್ತು. “ನನ್ನಿಂದ ಏನು ತಪ್ಪಾಯ್ತು ಭಾವ? ನಾನು ಏನಾದ್ರೂ ಅಂದಿದ್ನಾ? ಬರ್ಬೇಡ, ನೋಡ್ಬೇಡ, ಆದ್ರೆ ಅಂಗಿ ಬಣ್ಣ ಹೇಳಿ ಅಂದ್ರೆ ಏನರ್ಥ?”

“ನಿಮ್ಮ ತಪ್ಪು ಏನೂ ಇಲ್ಲ ಅಂತ ಮಾತ್ರ ಹೇಳ್ತಾಳೆ. ಅದನ್ನ ಸಾವಿರ ಸಲ ಹೇಳಿದ್ದಾಳೆ. ಅದರ ಮುಂದೆ ಕೇಳಿದ್ರೆ ಬಾಯಿ ಹೊಲ್ಕೊಂಡ ಹಾಗೆ ಕೂತ್ಬಿಡ್ತಾಳೆ.”

“ಫೋನ್ ಮಾಡಿ,” ಎಂದಳು ಪತ್ತೇದಾರಿಣಿ.

“ಈಗಾ? ಈಗ ಮನೇಲಿರಲ್ಲ ಅವಳು. ಶನಿವಾರ ಮಧ್ಯಾಹ್ನ ಒಂದು ಮಗೂಗೆ ಹಾಡು ಹೇಳಿಕೊಡೋಕೆ ಹೋಗ್ತಾಳೆ.”

“ಯಾರ ಮನೆಗೆ?”

“ನಂಗೂ ಗೊತ್ತಿಲ್ಲ. ದೂರ ಅಂತಾಳೆ. ವಾರದಲ್ಲಿ ಅದೊಂದು ದಿನ ನಗ್ತಾ ಮನೆಗೆ ಬರ್ತಾಳೆ ಅಂತ ನಾನೂ ಕೆದಕೋಕೆ ಹೋಗಿಲ್ಲ.”

“ಎಲ್ಲಿದ್ರೂ ಸರಿ, ಮಾಡಿ. ಸೋಮವಾರದ ತನಕ ಮಾತ್ರ ಈ ದಾರಿ ತೆರೆದಿರುತ್ತೆ.”

ಅಂಗಡಿಯವನು ಜೇಬಿನಿಂದ ಫೋನು ತೆಗೆದ. ಗಾಜು ಒಡೆದ ಹಳೆಯ ಫೋನು. ಊರಿಗೆಲ್ಲ ಒಳ್ಳೆಯ ಶಬ್ದ ಮಾರುವವನ ಫೋನಿನ ಸ್ಪೀಕರು ಗೊರಗೊರ ಅನ್ನುತ್ತಿತ್ತು. ಅವನು ಗುಂಡಿ ಒತ್ತಿ, ಗಂಟೆ ಹೋಗುವುದು ಕೇಳಿಸಿದ ಮೇಲೆ, ಅದನ್ನು ತಮ್ಮನ ಕೈಗಿಟ್ಟು ಗೋಡೆಯ ಕಡೆ ತಿರುಗಿಕೊಂಡ. ಆಗಲೂ ಅವನು ತಾನಾಗಿ ಏನನ್ನೂ ಹೇಳಲಿಲ್ಲ.

ತಮ್ಮ ಫೋನನ್ನು ಕಿವಿಗೆ ಒತ್ತಿಕೊಂಡ.

“ಏನ್ರೀ, ಇಷ್ಟೊತ್ತಲ್ಲಿ?”

ಅಷ್ಟೇ. ಮುಂದೆ ಯಾರೂ ನಿಂತಿರಲಿಲ್ಲ. ಸುತ್ತ ಕೋರಸ್ ಇರಲಿಲ್ಲ. ಗೊರಗುಡುವ ಆ ಸ್ಪೀಕರಿನಲ್ಲಿ ಅಕ್ಕ ಅವನ ಕಿವಿಯ ಹತ್ತಿರವೇ ಇದ್ದಳು. ದನಿ ಸ್ವಲ್ಪ ದಪ್ಪಗಾಗಿತ್ತು, ಸ್ವಲ್ಪ ದಣಿದಿತ್ತು. ಸ್ನಾನಕ್ಕೆ ಹೋಗು, ಪುಸ್ತಕ ತೆಗಿ, ಸೈಕಲ್ ನಿಲ್ಲಿಸು ಎಂದು ಕೂಗುತ್ತಿದ್ದ ದನಿ.

ತಮ್ಮ ಕೌಂಟರಿನ ಅಂಚನ್ನು ಹಿಡಿದುಕೊಂಡ.

“ಬಂದಿದ್ನಾ?” ಎಂದು ಕೇಳಿದಳು ಅಕ್ಕ. “ಇನ್ನೂ ಅಲ್ಲೇ ಇದ್ದಾನಾ? ಅದಕ್ಕೆ ಮಾತಾಡ್ತಿಲ್ವಾ? ಸರಿ, ಬರೀ ಹೂಂ ಅನ್ನಿ. ಚೆನ್ನಾಗಿದ್ದಾನಾ? ಹೋದ ವಾರ ಕೆಮ್ಮು ಅಂದಿದ್ರಿ, ಕಡಿಮೆ ಆಯ್ತಾ?”

“ಹೂಂ,” ಎಂದ ತಮ್ಮ, ಗಂಟಲಲ್ಲೇ.

“ಇವತ್ತು ಅವನನ್ನ ಬೇಗ ಕಳಿಸ್ಬೇಡಿ. ಇನ್ನೂ ಸ್ವಲ್ಪ ಹೊತ್ತು ಕೂರಿಸ್ಕೊಳ್ಳಿ. ಹೊಸದೇನಾದ್ರೂ ತೋರಿಸಿ. ಇದೇ ಕೊನೇ ಶನಿವಾರ ಅಲ್ವಾ…”

ಪತ್ತೇದಾರಿಣಿ ತಮ್ಮನ ಮುಖವನ್ನೇ ನೋಡುತ್ತಿದ್ದಳು. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಆದರೂ ತುಟಿಯ ಮೇಲೆ ನಗುವಿನಂಥದ್ದು ಇತ್ತು. ಆ ನಗು ಥಟ್ಟನೆ ನಿಂತಿತು. ಅವನು ಫೋನನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡ. ಹನ್ನೊಂದು ವರ್ಷ ಹಿಂದಿನ ಸಾಲನ್ನೇ ಹುಡುಕಿದ ಕಿವಿ ಅದು. ಅಕ್ಕನ ದನಿಯ ಹಿಂದೆ ಏನಿದೆ ಎಂದು ಕೇಳದೆ ಅದಕ್ಕೆ ಇರಲಾಗಲಿಲ್ಲ.

ಹಿಂದೆ ಒಂದು ಮಗು ಓಡಿಬಂದ ಸದ್ದು.

“ಅತ್ತೇ, ಫೋನ್ ಆಯ್ತಾ? ಬನ್ನಿ ಅತ್ತೆ, ಮೊದಲಿಂದ ಹಾಡೋಣ.”

ಅದರ ಹಿಂದೆಯೇ, ಇನ್ನೂ ದೂರದಿಂದ, ಪಾತ್ರೆ ಇಟ್ಟ ಸದ್ದಿನ ಜೊತೆಗೆ, ಇನ್ನೊಬ್ಬ ಹೆಂಗಸಿನ ದನಿ: “ಅಕ್ಕ, ಬೇಗ ಮುಗಿಸಿ. ಅವರು ಬರೋ ಹೊತ್ತಾಗ್ತಾ ಬಂತು. ಅವರ ಕಣ್ಣಿಗೆ ಬಿದ್ರೆ ಎಲ್ಲ ಮುಗೀತು.”

ತಮ್ಮ ಫೋನಿನ ಬಾಯಿಗೆ ಅಂಗೈ ಮುಚ್ಚಿದ.

“ಏನಾಯ್ತು?” ಪತ್ತೇದಾರಿಣಿ ಪಿಸುಗುಟ್ಟಿದಳು. “ಎಲ್ಲಿದ್ದಾರೆ ಅವರು?”

“ನಮ್ಮನೇಲಿ.” ಅವನು ಒಂದೊಂದೇ ಪದ ಹುಡುಕಿ ಹೇಳಿದ. “ನಮ್ಮನೆ ಅಡುಗೆಮನೆ ಪಕ್ಕದಲ್ಲಿ ನಿಂತಿದ್ದಾಳೆ. ನನ್ನ ಮಗಳು ಅವಳನ್ನ ಅತ್ತೆ ಅಂತಾಳೆ ಮೇಡಂ. ನನ್ನ ಹೆಂಡ್ತಿ ಅಕ್ಕ ಅಂತಾಳೆ. ನಾನು ಇಲ್ಲಿ ಬಂದು ಅವಳನ್ನ ಹುಡುಕಿದ ಒಂದೊಂದು ಶನಿವಾರಾನೂ…”

ಗೋಡೆಗೆ ಮುಖಮಾಡಿದ್ದ ಅಂಗಡಿಯವನು ಗಕ್ಕನೆ ತಿರುಗಿದ. ಅವನಿಗೂ ಇದು ಗೊತ್ತಿರಲಿಲ್ಲ ಎಂಬುದು ಅವನ ಬಾಯಿ ತೆರೆದುಕೊಂಡ ರೀತಿಯಲ್ಲೇ ಕಾಣುತ್ತಿತ್ತು.

ತಮ್ಮನ ಅಂಗೈಯ ಒಳಗಿನಿಂದ ಅಕ್ಕನ ದನಿ ಬಂತು. ಈಗ ಅದರಲ್ಲಿ ದಣಿವಿರಲಿಲ್ಲ.

“ರೀ… ಫೋನ್ ಯಾರ ಕೈಲಿದೆ?”